ತುದಿಯೇ ಯಂತ್ರ, ಉಳಿದದ್ದು ಹಿಡಿ

ಪೂಲ್ ಆಟದಲ್ಲಿ ಕ್ಯೂ ಕೋಲು ಬಿಳಿ ಚೆಂಡನ್ನು ಮುಟ್ಟಿಕೊಂಡಿರುವುದು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಹೊಡೆತ ಬಿದ್ದ ಸುದ್ದಿ ಬೆರಳಿನಿಂದ ಮೆದುಳಿಗೆ ಮುಟ್ಟುವುದಕ್ಕೇ ಹತ್ತಾರು ಮಿಲಿಸೆಕೆಂಡ್ ಬೇಕು. ಆಟಗಾರನಿಗೆ ‘ತಾಗಿತು’ ಅನ್ನಿಸುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಆಮೇಲೆ ಮಣಿಕಟ್ಟು ತಿರುವಿದರೂ ಮೈ ಬಳುಕಿಸಿದರೂ ಅದು ಲೆಕ್ಕಕ್ಕಿಲ್ಲ. ವೇಗ, ದಿಕ್ಕು, ಗಿರಕಿ ಮೂರೂ ಆ ಒಂದು ಮಿಲಿಸೆಕೆಂಡಿನಲ್ಲಿ, 12-13 ಮಿಲಿಮೀಟರ್ ಅಗಲದ ಚರ್ಮದ ತುಂಡಿನಡಿಯಲ್ಲಿ ತೀರ್ಮಾನವಾಗಿರುತ್ತವೆ.

ಕ್ಯೂ ಕೊಳ್ಳುವವರ ಕಣ್ಣು ಮಾತ್ರ ಇನ್ನೊಂದು ಕೊನೆಯ ಮೇಲೆ. ಪೂಲ್ ಕ್ಯೂ ಸಾಮಾನ್ಯವಾಗಿ 58 ಅಂಗುಲ ಉದ್ದ, 510ರಿಂದ 595 ಗ್ರಾಂ ತೂಕ. ಕೈಯಲ್ಲಿ ಹಿಡಿಯುವ ದಪ್ಪ ಭಾಗಕ್ಕೆ ಬಟ್ ಎನ್ನುತ್ತಾರೆ, ಮುಂದಿನ ಸಪೂರ ಭಾಗಕ್ಕೆ ಶಾಫ್ಟ್. ಎರಡನ್ನೂ ಸೇರಿಸುವುದು ತಿರುಪಿನ ಜಾಯಿಂಟ್. ಶಾಫ್ಟಿನ ಕೊನೆಗೆ ಫೆರೂಲ್ ಎಂಬ ಬಿಳಿ ಕೊಳವೆ, ಅದರ ನೆತ್ತಿಯ ಮೇಲೆ ಚರ್ಮದ ಟಿಪ್. ಬೆಲೆ ಏರುವುದೆಲ್ಲ ಬಟ್‌ನಲ್ಲಿ: ಎಬೊನಿ, ಬೀಟೆ, ಕೊಕೊಬೊಲೊ ಮರಗಳು, ಮುತ್ತಿನ ಚಿಪ್ಪಿನ ಕುಂದಣ, ಬೆಳ್ಳಿಯ ಉಂಗುರಗಳು. ನಮ್ಮ ಮಲೆನಾಡಿನ ಬೀಟೆಗೆ ಕ್ಯೂ ತಯಾರಕರಲ್ಲಿ ಒಳ್ಳೆಯ ಹೆಸರಿದೆ. ಆ ಕುಲದ ಮರಗಳೆಲ್ಲ 2017ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿರ್ಬಂಧಿತ ಪಟ್ಟಿಗೆ ಸೇರಿದ ಮೇಲೆ ದೇಶದಿಂದ ದೇಶಕ್ಕೆ ಸಾಗಿಸುವುದು ಮೊದಲಿನಷ್ಟು ಸಲೀಸಾಗಿ ಉಳಿದಿಲ್ಲ. ಇಷ್ಟೆಲ್ಲ ಆದರೂ ಬಟ್ ಯಾವ ಮರದ್ದು ಎಂಬುದು ಚೆಂಡಿಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಕೋಲಿನ ಒಟ್ಟು ತೂಕ ಮತ್ತು ತುದಿಯ ಗುಣ, ಅಷ್ಟೇ.

ಟಿಪ್ ಎಂಬುದೇ ಇಲ್ಲದ ಕಾಲವಿತ್ತು. ಬರೀ ಮರದ ತುದಿಯಿಂದ ಚೆಂಡಿನ ನಡುವನ್ನು ಬಿಟ್ಟು ಬೇರೆಲ್ಲಿ ಕುಕ್ಕಿದರೂ ಅದು ಸರ್‍ರನೆ ಜಾರುತ್ತಿತ್ತು. ಸ್ವಲ್ಪವಾದರೂ ಹಿಡಿತ ಬರಲೆಂದು ಆಟಗಾರರು ಕೋಲಿನ ತುದಿಯನ್ನು ಗೋಡೆಯ ಗಾರೆಗೆ ಉಜ್ಜಿಕೊಳ್ಳುತ್ತಿದ್ದರಂತೆ. ಚರ್ಮದ ಟಿಪ್ಪಿನ ಕೀರ್ತಿ ಸಲ್ಲುವುದು ಫ್ರಾನ್ಸಿನ ಸೈನ್ಯದ ಕ್ಯಾಪ್ಟನ್ ಫ್ರಾನ್ಸ್ವಾ ಮಿಂಗೋಗೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಸೆರೆಮನೆಯಲ್ಲಿದ್ದಾಗ ಅಲ್ಲಿನ ಬಿಲಿಯರ್ಡ್ಸ್ ಮೇಜಿನ ಮೇಲೆ ಆತ ಇದನ್ನು ಪ್ರಯೋಗಿಸಿದ ಎನ್ನುತ್ತಾರೆ. ಶಿಕ್ಷೆ ಮುಗಿದಾಗ ಅಭ್ಯಾಸ ಪೂರ್ತಿಯಾಗಿಲ್ಲವೆಂದು ಇನ್ನಷ್ಟು ದಿನ ಒಳಗೇ ಇರಲು ಅನುಮತಿ ಕೇಳಿದ ಎಂಬ ಕಥೆಯೂ ಉಂಟು. ನಿಜವೋ ಸುಳ್ಳೋ, ಆಟದ ಹುಚ್ಚು ಹಿಡಿದವರು ನಂಬುವಂಥದ್ದೇ. 1827ರಲ್ಲಿ ಅವನ ಪುಸ್ತಕ ಬಂತು. 1835ರಲ್ಲಿ ಇನ್ನೊಬ್ಬ ಫ್ರೆಂಚನಾದ ಗಾಸ್ಪಾರ್ ಗುಸ್ತಾವ್ ಕೊರಿಯೊಲಿಸ್ ಬಿಲಿಯರ್ಡ್ಸ್ ಚೆಂಡಿನ ಗಣಿತದ ಮೇಲೆಯೇ ಒಂದು ಗ್ರಂಥ ಬರೆದ. ಚಂಡಮಾರುತಗಳ ಸುಳಿ ಯಾವ ಕಡೆಗೆ ತಿರುಗುತ್ತದೆ ಎನ್ನುವಾಗ ಶಾಲೆಯಲ್ಲಿ ಹೆಸರು ಕೇಳುತ್ತೇವಲ್ಲ, ಅದೇ ಕೊರಿಯೊಲಿಸ್.

ಆ ಗಣಿತದಲ್ಲಿ ಎರಡು ಅಂಕಿಗಳು ಆಡುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್, ತ್ರಿಜ್ಯ ಅದರ ಅರ್ಧ. ಚೆಂಡಿನ ನಟ್ಟನಡುವೆ ಹೊಡೆದರೆ ಅದು ಉರುಳುತ್ತ ಹೊರಡುವುದಿಲ್ಲ. ಮೊದಲು ಬಟ್ಟೆಯ ಮೇಲೆ ಜಾರುತ್ತದೆ, ಘರ್ಷಣೆ ಅದನ್ನು ಸ್ವಲ್ಪಸ್ವಲ್ಪವಾಗಿ ಉರುಳಿಸುತ್ತದೆ, ಪೂರ್ತಿ ಉರುಳಲು ತೊಡಗುವಷ್ಟರಲ್ಲಿ ಮೊದಲಿನ ವೇಗದ ಏಳರಲ್ಲಿ ಎರಡು ಪಾಲು ಕಳೆದುಹೋಗಿರುತ್ತದೆ. ನಡುವಿನಿಂದ ತ್ರಿಜ್ಯದ ಐದರಲ್ಲಿ ಎರಡು ಪಾಲು, ಅಂದರೆ ಸುಮಾರು 11 ಮಿಲಿಮೀಟರ್ ಮೇಲೆ ಹೊಡೆದರೆ ಚೆಂಡು ಜಾರದೆ ಮೊದಲ ಕ್ಷಣದಿಂದಲೇ ಉರುಳುತ್ತದೆ. ಇನ್ನೊಂದು ಅಂಕಿ, ಎಷ್ಟು ಅಂಚಿಗೆ ಹೊಡೆಯಬಹುದು ಎಂಬುದರ ಮಿತಿ. ತ್ರಿಜ್ಯದ ಅರ್ಧ ದಾಟಿದರೆ ಟಿಪ್ ಜಾರುತ್ತದೆ. ಅಲ್ಲಿ ಕೋಲಿನ ದಿಕ್ಕಿಗೂ ಚೆಂಡಿನ ಮೈಗೆ ಎಳೆದ ಲಂಬಕ್ಕೂ ನಡುವೆ 30 ಡಿಗ್ರಿ ಕೋನ. ಆ ಕೋನದಲ್ಲಿ ಜಾರದೆ ನಿಲ್ಲಲು ಘರ್ಷಣಾಂಕ ಸುಮಾರು 0.58 ಇರಬೇಕು. ಚಾಕ್ ಹಚ್ಚಿದ ಚರ್ಮ ಕೊಡುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಹಾಗಾಗಿ ಚಾಂಪಿಯನ್ ಆದರೂ ಹೊಸಬನಾದರೂ ಬಿಳಿ ಚೆಂಡಿನ ನಡುವಿನ 28 ಮಿಲಿಮೀಟರ್ ಅಗಲದ ವೃತ್ತದೊಳಗೇ ತನ್ನ ಚಮತ್ಕಾರವನ್ನೆಲ್ಲ ಮಾಡಿ ಮುಗಿಸಬೇಕು.

ಆ ನೀಲಿ ಚಾಕ್ ಕೂಡ ಹೆಸರಿಗಷ್ಟೇ ಚಾಕ್. ಶಾಲೆಯ ಸುಣ್ಣದ ಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ, ಅದರಲ್ಲಿರುವುದು ಸಿಲಿಕಾ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗಟ್ಟಿ ಕಣಗಳು. 1897ರಲ್ಲಿ ಬಿಲಿಯರ್ಡ್ಸ್ ಆಟಗಾರ ವಿಲಿಯಂ ಸ್ಪಿಂಕ್ಸ್, ಶಿಕಾಗೋದ ರಸಾಯನಜ್ಞ ವಿಲಿಯಂ ಹಾಸ್ಕಿನ್ಸ್ ಜೊತೆ ಸೇರಿ ಇದಕ್ಕೆ ಪೇಟೆಂಟ್ ಪಡೆದ. ಟೋಸ್ಟರಿನಲ್ಲಿ ಕೆಂಪಗೆ ಕಾಯುವ ನೈಕ್ರೋಮ್ ತಂತಿ ಬಂದದ್ದೂ ಇದೇ ಹಾಸ್ಕಿನ್ಸ್‌ನ ಬೆಂಬಲದಿಂದ.

ಇನ್ನು ಆಟಗಾರರನ್ನು ತುಂಬ ಕಾಡುವ ಸಂಗತಿಗೆ ಬರೋಣ. ಬಲಕ್ಕೆ ಗಿರಕಿ ಬೇಕೆಂದು ಚೆಂಡಿನ ಬಲಭಾಗಕ್ಕೆ ಹೊಡೆದರೆ ಚೆಂಡು ಗುರಿಯಿಟ್ಟ ಗೆರೆಯಲ್ಲಿ ಹೋಗದೆ ತುಸು ಎಡಕ್ಕೆ ಚಿಮ್ಮುತ್ತದೆ. ಇದಕ್ಕೆ ಸ್ಕ್ವರ್ಟ್ ಎಂದು ಹೆಸರು. 1 ಡಿಗ್ರಿ ತಪ್ಪಿದರೂ 2 ಮೀಟರ್ ಆಚೆ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ, ಜೇಬಿಗೆ ಬೀಳಬೇಕಾದ ಚೆಂಡು ಅಂಚಿಗೆ ಬಡಿದು ಹಿಂದೆ ಬರಲು ಅಷ್ಟು ಸಾಕು. ಹೀಗಾಗುವುದೇಕೆಂದರೆ, ಟಿಪ್ ಅಂಟಿಕೊಂಡಿರುವಾಗಲೇ ಚೆಂಡು ತಿರುಗತೊಡಗುತ್ತದೆ. ತಿರುಗುವ ಮೈ ಟಿಪ್ಪನ್ನು ಬಲಕ್ಕೆ ಎಳೆದೊಯ್ಯುತ್ತದೆ. ಟಿಪ್‌ಗೆ ಬಲಕ್ಕೆ ಎಷ್ಟು ಸಂವೇಗ ಸಿಕ್ಕಿತೋ ಅಷ್ಟೇ ಸಂವೇಗ ಚೆಂಡಿಗೆ ಎಡಕ್ಕೆ ಸಿಗಲೇಬೇಕು, ನ್ಯೂಟನ್ನನ ಲೆಕ್ಕ ತಪ್ಪುವುದಿಲ್ಲ. ತುದಿ ಭಾರವಾದಷ್ಟೂ ಚೆಂಡು ಹೆಚ್ಚು ಎಡಕ್ಕೆ ಚಿಮ್ಮುತ್ತದೆ.

ಕೋಲು ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ, ಚೆಂಡು ಹೆಚ್ಚೆಂದರೆ 170 ಗ್ರಾಂ. ಕೋಲಿನ ತೂಕವೆಲ್ಲ ಅಡ್ಡಕ್ಕೆ ತಳ್ಳಿದ್ದರೆ ಚೆಂಡು ಎಲ್ಲಿಗೋ ಹೋಗಬೇಕಿತ್ತು, ಹಾಗಾಗುವುದಿಲ್ಲ. ನೆಲದ ಮೇಲೆ ಚಾಚಿದ ಹಗ್ಗದ ಒಂದು ಕೊನೆಯನ್ನು ಅಡ್ಡಕ್ಕೆ ಕೊಡವಿ ನೋಡಿ, ಅಲೆ ಸಾವಕಾಶವಾಗಿ ಸಾಗುತ್ತದೆ, ಅದು ತಲುಪುವವರೆಗೆ ಇನ್ನೊಂದು ಕೊನೆ ಸುಮ್ಮನೆ ಬಿದ್ದಿರುತ್ತದೆ. ಕ್ಯೂನಲ್ಲೂ ಅಡ್ಡ ಅಲೆ ಒಂದು ಮಿಲಿಸೆಕೆಂಡಿನಲ್ಲಿ ದಾಟುವುದು ಒಂದು ಗೇಣಿನಷ್ಟನ್ನು ಮಾತ್ರ. ಆದ್ದರಿಂದ ಸ್ಕ್ವರ್ಟಿಗೆ ಹೊಣೆ ಆ ಒಂದು ಗೇಣಿನ ತೂಕ. ಉದ್ದಕ್ಕೆ ಸಾಗುವ ಅಲೆಯ ಕಥೆ ಬೇರೆ. ಮೇಪಲ್ ಮರದಲ್ಲಿ ಅದು ಸೆಕೆಂಡಿಗೆ ಸುಮಾರು 4000 ಮೀಟರ್ ಓಡುತ್ತದೆ, ಅದೇ ಒಂದು ಮಿಲಿಸೆಕೆಂಡಿನಲ್ಲಿ ಬಟ್‌ನ ಕೊನೆ ಮುಟ್ಟಿ ವಾಪಸು ಬರುತ್ತದೆ. ಹಾಗಾಗಿ ಚೆಂಡನ್ನು ಮುಂದಕ್ಕೆ ತಳ್ಳುವ ಕೆಲಸದಲ್ಲಿ ಇಡೀ ಕೋಲಿನ ಪಾಲಿದೆ. ಒಳ್ಳೆಯ ಚರ್ಮದ ಟಿಪ್ ಇದ್ದರೆ ಚೆಂಡು ಕೋಲಿನ ವೇಗದ ಸುಮಾರು 1.3 ಪಟ್ಟು ವೇಗದಲ್ಲಿ ಹೊರಡುತ್ತದೆ.

ಈ ತಿಳಿವಳಿಕೆ ಕ್ಯೂ ಕಟ್ಟುವ ರೀತಿಯನ್ನೇ ಬದಲಿಸಿತು. 1990ರ ದಶಕದಲ್ಲಿ ಅಮೆರಿಕದ ಪ್ರಿಡೇಟರ್ ಕಂಪನಿ, ಹೊಡೆಯುವ ರೋಬಾಟ್ ಒಂದನ್ನು ಇಟ್ಟುಕೊಂಡು ಶಾಫ್ಟುಗಳನ್ನು ಪರೀಕ್ಷಿಸಿತು. ತುದಿಯೊಳಗೆ ರಂಧ್ರ ಕೊರೆದು, ಫೆರೂಲನ್ನು ಗಿಡ್ಡ ಮತ್ತು ಹಗುರ ಮಾಡಿ ಆ ಕೊನೆಯ ಗೇಣಿನ ತೂಕ ಇಳಿಸಿತು. ಈಗ ಬರುತ್ತಿರುವ ಕಾರ್ಬನ್ ಫೈಬರ್ ಶಾಫ್ಟುಗಳು ಅದೇ ದಾರಿಯಲ್ಲಿ ಮುಂದಕ್ಕೆ ಹೋದವು.

ಆದರೂ ಮರ ಬಿಟ್ಟು ಹೋಗಿಲ್ಲ. ಪೂಲ್ ಶಾಫ್ಟಿಗೆ ಗಟ್ಟಿ ಮೇಪಲ್, ಸ್ನೂಕರ್ ಶಾಫ್ಟಿಗೆ ಹೆಚ್ಚಾಗಿ ಆಶ್ ಮರ. ಸ್ನೂಕರ್ ಹುಟ್ಟಿದ್ದು ನಮ್ಮಲ್ಲೇ, 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ಮೆಸ್‌ನಲ್ಲಿ. ಅದರ ನಿಯಮಗಳು ರೂಪ ಪಡೆದದ್ದು ಊಟಿಯ ಕ್ಲಬ್ಬಿನಲ್ಲಿ. ಬಿಲಿಯರ್ಡ್ಸ್-ಸ್ನೂಕರ್ ಆಟಗಾರ ಪಂಕಜ್ ಅಡ್ವಾಣಿ ಬೆಳೆದ ಬೆಂಗಳೂರಿನಲ್ಲಿ ಕೈಗೆ ಮೊದಲು ಸಿಗುವುದು ಸ್ನೂಕರ್ ಕ್ಯೂ ಆಗಿದ್ದರೆ ಆಶ್ಚರ್ಯವಿಲ್ಲ: 9-10 ಮಿಲಿಮೀಟರ್ ಟಿಪ್, ಹಿತ್ತಾಳೆಯ ಫೆರೂಲ್, ಮೈಮೇಲೆ ಬಾಣದ ಮೊನೆಯ ಆಕಾರದ ಗೆರೆಗಳು. ಮರ ಯಾವುದಾದರೂ ಕಷ್ಟ ಒಂದೇ. ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದೂ ಎಳೆಗೆ ಅಡ್ಡವಾಗಿ ಹೆಚ್ಚು, ಉದ್ದಕ್ಕೆ ಅತ್ಯಲ್ಪ. ಎಳೆ ನೇರವಾಗಿ ಓಡದಿದ್ದರೆ ಕೋಲು ಡೊಂಕಾಗುತ್ತದೆ. ಅದಕ್ಕೇ ಒಳ್ಳೆಯ ಕೆಲಸಗಾರ ಶಾಫ್ಟನ್ನು ಲೇಥ್ ಮೇಲೆ ಒಂದೇ ಸಲಕ್ಕೆ ಕಡೆದು ಮುಗಿಸುವುದಿಲ್ಲ. ಒಂದು ಪದರ ತೆಗೆದು ತಿಂಗಳುಗಟ್ಟಲೆ ತೂಗುಹಾಕುತ್ತಾನೆ. ಮರ ಬಾಗಬೇಕಾದಷ್ಟು ಬಾಗಲಿ ಎಂದು ಬಿಟ್ಟು ಮತ್ತೆ ಕಡೆಯುತ್ತಾನೆ. ಹೀಗೆ ಹಲವು ಸುತ್ತು.

ಜಾರ್ಜ್ ಬಲಬುಷ್ಕಾ ಅಂಥ ಕೆಲಸಗಾರ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದ ಈತ ಬಡಗಿ, ಮರದ ಆಟಿಕೆ ಮಾಡುವವನು. 1959ರಲ್ಲಿ ಪಾಲುದಾರನೊಬ್ಬನ ಜೊತೆ ಪೂಲ್ ಹಾಲ್ ಕೊಂಡ ಮೇಲೆ ಕ್ಯೂ ರಿಪೇರಿಗೆ, ತಯಾರಿಗೆ ಇಳಿದ. 1975ರಲ್ಲಿ ತೀರಿಕೊಳ್ಳುವವರೆಗೆ ಮಾಡಿದ್ದು ಸಾವಿರದ ಆಸುಪಾಸು. ಇಂದು ಅವು ಸಂಗ್ರಹಕಾರರ ಕೈಯಲ್ಲಿವೆ. 1986ರ ‘ದಿ ಕಲರ್ ಆಫ್ ಮನಿ’ ಚಿತ್ರದಲ್ಲಿ ಪಾಲ್ ನ್ಯೂಮನ್ ಪಾತ್ರ ಟಾಮ್ ಕ್ರೂಸ್ ಪಾತ್ರಕ್ಕೆ ಕೊಡುವ ‘ಬಲಬುಷ್ಕಾ’ ನಿಜವಾಗಿ ಜಾಸ್ ಎಂಬ ಬೇರೆ ಕಂಪನಿಯ ಕ್ಯೂ. ಕ್ಯಾಮೆರಾ ಕಾಣುವುದೂ ಬಟ್‌ನ ಅಲಂಕಾರವನ್ನೇ ತಾನೆ.

ರಿಪೇರಿಯಲ್ಲಿ ಬಹುಪಾಲು ಟಿಪ್ ಬದಲಿಸುವುದೇ. ಪೆಟ್ಟು ತಿಂದು ತಿಂದು ಚರ್ಮ ಅಣಬೆಯ ಕೊಡೆಯಂತೆ ಅಂಚಿಗೆ ಹರಡುತ್ತದೆ, ಇಲ್ಲವೇ ಸವೆದು ಫೆರೂಲಿಗೆ ಹತ್ತಿರವಾಗುತ್ತದೆ. ಹಳೆಯದನ್ನು ಬ್ಲೇಡಿನಿಂದ ಕೆತ್ತಿ ತೆಗೆದು ಫೆರೂಲಿನ ನೆತ್ತಿಯನ್ನು ಚಪ್ಪಟೆ ಹಲಗೆಗೆ ಅಂಟಿಸಿದ ಸ್ಯಾಂಡ್‌ಪೇಪರಿನ ಮೇಲೆ ನೆಟ್ಟಗೆ ಉಜ್ಜಬೇಕು. ಹಳೆಯ ಅಂಟಿನ ಕಣ ಉಳಿದರೆ, ಮೇಲ್ಮೈ ಒಂದಿಷ್ಟು ವಾಲಿದರೆ ಹೊಸ ಟಿಪ್ ಹೊಡೆತಕ್ಕೆ ಹಾರಿಹೋಗುತ್ತದೆ. ಟಿಪ್ಪಿನ ತಳವನ್ನೂ ತುಸು ಒರಟು ಮಾಡಿ ಒಂದು ಹನಿ ಸೂಪರ್ ಗ್ಲೂ ಹಾಕಿ ಒತ್ತಿ ಹಿಡಿಯಬೇಕು. ಒಣಗಿದ ಮೇಲೆ ಕೋಲನ್ನು ತಲೆಕೆಳಗಾಗಿ ಹಲಗೆಗೆ ಒತ್ತಿಕೊಂಡು ಹೊರಚಾಚಿದ ಚರ್ಮ ಕತ್ತರಿಸಬೇಕು. ಬದಿಯನ್ನು ಎಂಜಲು ಹಚ್ಚಿ ಇನ್ನೊಂದು ಚರ್ಮದ ತುಂಡಿನಿಂದ ಬಿಸಿಯೇರುವ ತನಕ ತಿಕ್ಕಿದರೆ ಅದು ಗಡುಸಾಗಿ ಹೊಳೆಯುತ್ತದೆ, ಬೇಗ ಹರಡುವುದಿಲ್ಲ. ಕೊನೆಗೆ ನೆತ್ತಿಯ ಗುಂಡು. ಅಮೆರಿಕನ್ನರು ಇದಕ್ಕೆ ತಮ್ಮ ನಾಣ್ಯಗಳನ್ನೇ ಅಳತೆಯಾಗಿ ಬಳಸುತ್ತಾರೆ: ನಿಕಲ್ ನಾಣ್ಯದ ಅಂಚಿನ ಬಾಗು ಅಥವಾ ಇನ್ನೂ ಗುಂಡಗೆ ಬೇಕಾದರೆ ಡೈಮ್ ನಾಣ್ಯದ ಬಾಗು. ಮೆತ್ತನೆಯ ಅಗ್ಗದ ಟಿಪ್ಪುಗಳನ್ನು ಹಾಲಿನಲ್ಲಿ ನೆನೆಸಿ, ವೈಸ್‌ನಲ್ಲಿ ಬಿಗಿದು ಒಣಗಿಸಿ ಗಟ್ಟಿ ಮಾಡಿಕೊಳ್ಳುವವರೂ ಇದ್ದಾರೆ. ನಗಬೇಡಿ, ಅದು ಕೆಲಸ ಮಾಡುತ್ತದೆ.

ಶಾಫ್ಟಿನ ಮೇಲೆ ನೆಗ್ಗು ಬಿದ್ದಿದ್ದರೆ ಅಲ್ಲಿ ಮರ ಹೋಗಿಲ್ಲ, ಎಳೆಗಳು ಅಮುಕಿಕೊಂಡಿವೆ ಅಷ್ಟೇ. ಒದ್ದೆ ಬಟ್ಟೆಯ ಚೂರು ಇಟ್ಟು ಕಾದ ಇಸ್ತ್ರಿಯ ತುದಿ ತಾಗಿಸಿದರೆ ಆವಿ ಒಳಹೊಕ್ಕು ಎಳೆಗಳು ಮೇಲೇಳುತ್ತವೆ. ಡೊಂಕಿಗೆ ಮಾತ್ರ ಇಂಥ ಸುಲಭದ ಮದ್ದಿಲ್ಲ. ಬಗ್ಗಿಸಿ ನೆಟ್ಟಗೆ ಮಾಡಿಕೊಡುವವರು ಇದ್ದರೂ ಮುಂದಿನ ಮಳೆಗಾಲಕ್ಕೆ ಮರ ಮತ್ತೆ ತನ್ನ ಜಾಡು ಹಿಡಿಯುವುದೇ ಹೆಚ್ಚು. ಕೋಲನ್ನು ಗೋಡೆಗೆ ಒರಗಿಸಿ ಇಡದಿರುವುದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡದಿರುವುದು, ಇವೇ ಇದ್ದುದರಲ್ಲಿ ಒಳ್ಳೆಯ ಉಪಾಯ.

ಕಾರ್ಬನ್ ಶಾಫ್ಟಿಗೆ ಮಳೆಗಾಲದ ಭಯವಿಲ್ಲ, ನೆಗ್ಗೂ ಬೀಳುವುದಿಲ್ಲ. ಆಟ ಶುರುಮಾಡುವ ಬ್ರೇಕ್ ಹೊಡೆತದ ಕ್ಯೂಗಳಿಗೆ ಫೀನಾಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ ಟಿಪ್ ಹಾಕುವುದೂ ಉಂಟು, ಚರ್ಮಕ್ಕಿಂತ ಹೆಚ್ಚು ವೇಗ ಅದು ಕೊಡುತ್ತದೆ. ಆದರೆ ಫೀನಾಲಿಕ್ ಚಾಕನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಗಿರಕಿ ಕೊಡಲು ಹೋದರೆ ಜಾರುತ್ತದೆ. ಹಾಗಾಗಿ ಎಷ್ಟೇ ದುಬಾರಿ ಕಾರ್ಬನ್ ಶಾಫ್ಟ್ ಇರಲಿ, ಆಟದ ಕ್ಯೂ ಆದರೆ ಅದರ ನೆತ್ತಿಯಲ್ಲಿ ಈಗಲೂ ಕೂರುವುದು ಚರ್ಮದ ಟಿಪ್ಪೇ. ಅದು ಸವೆದಾಗ ಬೇಕಾಗುವುದೂ ಅದೇ ಬ್ಲೇಡು, ಅದೇ ಸ್ಯಾಂಡ್‌ಪೇಪರ್, ಒಂದು ಹನಿ ಅಂಟು.