ಲೋಹದ ಸೂಕ್ಷ್ಮಕಣಗಳಿಂದ ಬೆಳಕಿನ ಧ್ರುವೀಕರಣ

ಬೆಳಕು ತಾನು ಸಾಗುವ ದಿಕ್ಕಿಗೆ ಅಡ್ಡವಾಗಿ ಕಂಪಿಸುವ ತರಂಗ. ಸೂರ್ಯನ ಬೆಳಕಿನಲ್ಲಿ ಈ ಕಂಪನವು ಎಲ್ಲ ಅಡ್ಡದಿಕ್ಕುಗಳಲ್ಲಿಯೂ ಬೆರೆತಿರುವುದು. ಇವುಗಳಲ್ಲಿ ಒಂದೇ ದಿಕ್ಕಿನ ಕಂಪನವನ್ನು ಉಳಿಸಿಕೊಳ್ಳುವುದಕ್ಕೆ ಧ್ರುವೀಕರಣವೆಂದು ಹೆಸರು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ನುಣುಪಾದ ಕಂಬಗಳನ್ನು ಓರೆಯಾಗಿ ನೋಡುತ್ತ ಪೋಲರಾಯ್ಡ್ ಹಾಳೆಯನ್ನು ಕಣ್ಣೆದುರು ತಿರುಗಿಸಿದರೆ, ಕಂಬದ ಹೊಳಪು ಕುಂದಿ ಮತ್ತೆ ಹೆಚ್ಚುವುದು. ಪ್ರತಿಫಲನದಿಂದಲೂ ಬೆಳಕು ಧ್ರುವೀಕರಣ ಹೊಂದುವುದೆಂಬುದಕ್ಕೆ ಇದೇ ಸಾಕ್ಷಿ. ಈ ಸಂಗತಿಯನ್ನು ಫ್ರಾನ್ಸಿನ ಮಾಲೂಸನು 1808ರಲ್ಲಿ ಕಂಡುಕೊಂಡನು.

ಇಂದು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ದೂರದ ಸಂದೇಶಗಳು ಗಾಜಿನ ಎಳೆಗಳೊಳಗೆ ಬೆಳಕಿನ ರೂಪದಲ್ಲಿ ಬರುತ್ತಿವೆ. ಇಂತಹ ಎಳೆಯೇ ಬೆಳಕಿನ ತರಂಗವಾಹಕ. ಎಳೆಯು ಬಾಗಿದಲ್ಲಿ ಅಥವಾ ಒತ್ತಡಕ್ಕೆ ಸಿಕ್ಕಲ್ಲಿ ಕಂಪನದ ದಿಕ್ಕು ಬದಲಾಗುವುದು. ಸಾಮಾನ್ಯ ಸಂದೇಶಕ್ಕೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ವಿಮಾನದ ತಿರುಗುವಿಕೆಯನ್ನು ಬೆಳಕಿನಿಂದ ಅಳೆಯುವಂತಹ ಉಪಕರಣಗಳಲ್ಲಿ ಅಳತೆಯೇ ತಪ್ಪುವುದು. ಆದುದರಿಂದ ವಾಹಕದೊಳಗೇ ಧ್ರುವೀಕಾರಕವನ್ನು ಅಳವಡಿಸುವುದು ಅವಶ್ಯಕ.

ಇಲ್ಲಿ ಲೋಹಕಣವು ನೆರವಾಗುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರವು ತಾಗಿದಾಗ ಲೋಹದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುವುವು. ನೀರಿನಲ್ಲಿರುವ ದುಂಡಾದ ಚಿನ್ನದ ಕಣವು ಸುಮಾರು 520 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕನ್ನು ಹೆಚ್ಚಾಗಿ ಹೀರುವುದು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಕಣವನ್ನು ಕಡ್ಡಿಯಂತೆ ನೀಳವಾಗಿಸಿದರೆ, ಉದ್ದದ ದಿಕ್ಕಿನ ತೂಗಾಟವು ಕೆಂಪಿನ ಕಡೆಗೂ ಅದರಾಚೆಗೂ ಸರಿಯುವುದು. ಇಂತಹ ಕಣಗಳನ್ನು ಒಂದೇ ದಿಕ್ಕಿಗೆ ಸಾಲಾಗಿಸಿ ವಾಹಕದ ಅಂಚಿನಲ್ಲಿಟ್ಟರೆ, ಅಂಚಿನಾಚೆಗೆ ಕೊಂಚ ಹರಡಿರುವ ಬೆಳಕು ಅವುಗಳನ್ನು ತಾಗುತ್ತದೆ. ಕಣದ ಉದ್ದಕ್ಕೆ ಸಮಾನಾಂತರವಾದ ಕಂಪನವು ಹೀರಲ್ಪಟ್ಟು ಶಾಖವಾಗುವುದು. ಅಡ್ಡಲಾದ ಕಂಪನವು ಬಹುಮಟ್ಟಿಗೆ ಮುಂದೆ ಸಾಗುವುದು. ಕಣಗಳ ನೀಳತೆಯು ಬೆಳಕಿನ ಅಲೆಯುದ್ದಕ್ಕೆ ಹೊಂದದಿದ್ದರೆ ಈ ವಿಂಗಡಣೆ ಕೆಡುವುದು. ಕಣಗಳು ಹೆಚ್ಚಾದರೆ ಬೇಕಾದ ಬೆಳಕೂ ಕ್ಷೀಣಿಸುವುದು.

ಕಂಪನದ ದಿಕ್ಕನ್ನು ಕುರಿತ ವಿಚಾರಕ್ಕೆ ಕರ್ನಾಟಕದ ಕಾಣಿಕೆಯೂ ಉಂಟು. ಧ್ರುವೀಕರಣದ ಸ್ಥಿತಿಯು ಹಲವು ಮಾರ್ಪಾಡುಗಳನ್ನು ದಾಟಿ ಮೊದಲಿನಂತೆಯೇ ಆದರೂ, ಬೆಳಕಿನ ತರಂಗದಲ್ಲಿ ಆ ಸುತ್ತಾಟದ ಗುರುತು ಉಳಿಯುವುದೆಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಅವರು 1956ರಲ್ಲಿ ತೋರಿಸಿದರು.

ಗಾಜಿನಲ್ಲಿ ಲೋಹವನ್ನು ಬೆರೆಸುವುದು ಹೊಸತಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, 4ನೆಯ ಶತಮಾನದ ರೋಮನ್ನರ ಲೈಕರ್ಗಸ್ ಬಟ್ಟಲು ಚಿನ್ನ-ಬೆಳ್ಳಿಗಳ ಸೂಕ್ಷ್ಮಕಣಗಳಿಂದ ಹೊರಬೆಳಕಿನಲ್ಲಿ ಹಸಿರಾಗಿಯೂ, ಒಳಗಿನಿಂದ ಬೆಳಗಿಸಿದಾಗ ಕೆಂಪಾಗಿಯೂ ಕಾಣುವುದು. ಅಂದಿನ ಕುಶಲಿಗಳಿಗೆ ಫಲವು ದೊರೆಯಿತು, ಕಾರಣವು ತಿಳಿದಿರಲಿಲ್ಲ. ಕಣದ ಆಕಾರವನ್ನೂ ನಿಲುವನ್ನೂ ಲೆಕ್ಕವಿಟ್ಟು ನಿಯಮಿಸುವುದೇ ಇಂದಿನ ವಿಜ್ಞಾನದ ಹೊಸತನ.