ಪ್ರಬಂಧಕ್ಕೊಬ್ಬ ಮಹಿಳೆ

ಮುಂಬಯಿಯ ನಮ್ಮ ಕನ್ನಡ ಮನೆಗಳ ಮಕ್ಕಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವುದು ಹೊಸತೇನಲ್ಲ. ಅರ್ಜಿಯ ಜೊತೆಗೆ ಪ್ರಬಂಧವೂ ಬೇಕು. ‘ನಿಮಗೆ ಸ್ಫೂರ್ತಿಯಾದ ಮಹಿಳೆ’ ಎಂದೊಡನೆ ಮದರ್ ತೆರೇಸಾ, ಕಲ್ಪನಾ ಚಾವ್ಲಾ ಹೆಸರುಗಳು ಸಾಲುಗಟ್ಟುತ್ತವೆ. ದೊಡ್ಡವರೇ, ಸಂದೇಹವಿಲ್ಲ. ಆದರೆ ಅಂಥ ಬರಹದಲ್ಲಿ ಬರೆದ ಹುಡುಗಿಯೇ ಕಾಣುವುದಿಲ್ಲ. ಕಾಲೇಜಿನವರು ಹುಡುಕುವುದು ಅವಳನ್ನು!

ವಿಜ್ಞಾನ ಓದಬಯಸುವ ಹುಡುಗಿಗೆ ನಾನು ಸೂಚಿಸುವ ಹೆಸರು ಕಮಲಾ ಸೊಹೋನಿ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅರ್ಜಿ ಹಾಕಿದರು. ನಿರ್ದೇಶಕ ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಒಲ್ಲೆನೆಂದರು. ಕಮಲಾ ಬೆಂಗಳೂರಿಗೇ ಹೋಗಿ ಪಟ್ಟು ಹಿಡಿದರು. ಕೊನೆಗೆ ಪ್ರವೇಶವೇನೋ ಸಿಕ್ಕಿತು. ಆದರೆ ಒಂದು ವರ್ಷ ಪರೀಕ್ಷಾರ್ಥವಾಗಿ. ಗಂಡು ಸಹಪಾಠಿಗಳ ಗಮನ ಕೆಡಿಸಬಾರದೆಂಬ ಷರತ್ತು ಬೇರೆ! ಅವಮಾನ ನುಂಗಿಕೊಂಡು ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ದುಡಿದರು. ರಾಮನ್ನರ ಮನಸ್ಸು ಬದಲಾಯಿತು. ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಕೇಂಬ್ರಿಜ್ ಡಾಕ್ಟರೇಟ್. ಮುಂದೆ ಮುಂಬಯಿಯಲ್ಲೇ ನೀರಾದ ಪೌಷ್ಟಿಕಾಂಶಗಳ ಸಂಶೋಧನೆ.

ಇಷ್ಟನ್ನೂ ತುಂಬಿದರೆ ಅದು ಜೀವನಚರಿತ್ರೆಯಾದೀತು. ಆ ಷರತ್ತಿಗೆ ತಲೆಬಾಗಿದ್ದು ಸರಿಯೆ? ನಾನಾಗಿದ್ದರೆ ಒಪ್ಪುತ್ತಿದ್ದೆನೆ, ಮುಂಬಯಿಗೆ ರೈಲು ಹತ್ತುತ್ತಿದ್ದೆನೆ? ಹುಡುಗಿ ಅಲ್ಲಿಂದ ಶುರುಮಾಡಲಿ. ಉತ್ತರ ಅವಳದೇ ಆಗಿರಲಿ. ಅಪ್ಪ-ಅಮ್ಮಂದಿರು ಪೆನ್ನು ಮುಟ್ಟದಿದ್ದರೆ ಒಳ್ಳೆಯದು. ಕಾಮನ್ ಆ್ಯಪ್ ಅರ್ಜಿಯ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿಯಿದೆ. ಅದರಲ್ಲಿ ಕಮಲಾ ಅವರಿಗೆ ಇನ್ನೂರು ಸಾಕು.