ವಿದ್ಯುತ್ತು ಗಾಡಿ ಬದಲಿಸುವ ನಿಲ್ದಾಣ

ಮಕ್ಕಳೇ, ಚೆನ್ನೈಯಿಂದ ನೀಲಗಿರಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಬಂದವರು ಅದೇ ಗಾಡಿಯಲ್ಲಿ ಉದಕಮಂಡಲಕ್ಕೆ ಹೋಗಲಾರರು. ಮೆಟ್ಟುಪಾಳ್ಯಂನಲ್ಲಿ ಇಳಿದು ಬೆಟ್ಟದ ರೈಲನ್ನು ಹತ್ತಬೇಕು. ಬಯಲಿನ ರೈಲಿನ ಹಳಿಗಳು ಅಗಲವಾಗಿವೆ. ಬೆಟ್ಟದ ರೈಲಿನ ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದೆ. ಕಡಿದಾದ ಏರಿನಲ್ಲಿ ಹಲ್ಲುಗಳುಳ್ಳ ಹಳಿಯೂ ಬೇಕು. ಪ್ರಯಾಣಿಕರು ಅವರೇ, ಗಾಡಿ ಮಾತ್ರ ಬೇರೆ. ವಿದ್ಯುತ್ತಿಗೂ ಇಂತಹ ನಿಲ್ದಾಣಗಳಿವೆ. ಅವುಗಳನ್ನು ವಿದ್ಯುತ್ ಪರಿವರ್ತನಾ ಕೇಂದ್ರಗಳು ಎನ್ನುತ್ತಾರೆ.

ವಿದ್ಯುತ್ತು ಎರಡು ವಿಧವಾಗಿ ಹರಿಯುತ್ತದೆ. ಟಾರ್ಚಿನ ಬ್ಯಾಟರಿಯಿಂದ ಬರುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ. ಇದು ನೇರ ವಿದ್ಯುತ್ತು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಇದು ಪರ್ಯಾಯ ವಿದ್ಯುತ್ತು. ಟ್ರಾನ್ಸ್‌ಫಾರ್ಮರ್‌ಗಳು ಇದರ ಒತ್ತಡವನ್ನು ಸುಲಭವಾಗಿ ಏರಿಸಿ ಇಳಿಸುತ್ತವೆ. ಆದ್ದರಿಂದ ಊರೂರಿಗೆ ಹಂಚಲು ಇದೇ ಅನುಕೂಲ.

ಆದರೆ ಸಾವಿರಾರು ಕಿಲೋಮೀಟರ್ ದೂರ ಸಾಗಿಸುವಾಗ ನೇರ ವಿದ್ಯುತ್ತೇ ಮೇಲು. ಅದಕ್ಕೆ ಕಡಿಮೆ ತಂತಿಗಳು ಸಾಕು. ದಾರಿಯಲ್ಲಿ ನಷ್ಟವಾಗುವುದೂ ಕಡಿಮೆ. ಹಾಗಾಗಿ ದಾರಿಯ ಎರಡು ತುದಿಗಳಲ್ಲೂ ಒಂದೊಂದು ಪರಿವರ್ತನಾ ಕೇಂದ್ರ ಬೇಕು. ಮೊದಲನೆಯದು ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಮಾಡುತ್ತದೆ. ಕೊನೆಯದು ಅದನ್ನು ಮತ್ತೆ ಪರ್ಯಾಯ ವಿದ್ಯುತ್ತಾಗಿ ಮಾಡುತ್ತದೆ.

ಈ ಕೆಲಸ ನಡೆಯುವುದು ಹೇಗೆ? ಸೈಕಲ್ ಟ್ಯೂಬಿನ ವಾಲ್ವನ್ನು ನೆನಪಿಸಿಕೊಳ್ಳಿ. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಪರಿವರ್ತನಾ ಕೇಂದ್ರದಲ್ಲಿಯೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್‌ಗಳಿವೆ. ಅವನ್ನು ಸಿಲಿಕಾನ್‌ನಿಂದ ಮಾಡುತ್ತಾರೆ. ದೊಡ್ಡ ಭವನದೊಳಗೆ ಅವನ್ನು ಸಾಲುಸಾಲಾಗಿ ಜೋಡಿಸಿರುತ್ತಾರೆ. ಕಂಪ್ಯೂಟರ್‌ಗಳು ಸರಿಯಾದ ಕ್ಷಣಕ್ಕೆ ಅವನ್ನು ತೆರೆಸುತ್ತವೆ.

ಕರ್ನಾಟಕದ ಕೋಲಾರದಲ್ಲಿ ಇಂತಹ ಒಂದು ಕೇಂದ್ರವಿದೆ. 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 5 ಲಕ್ಷ ವೋಲ್ಟಿನ ನೇರ ವಿದ್ಯುತ್ ಮಾರ್ಗ ಆರಂಭವಾಯಿತು.

ಇಂತಹ ಕೇಂದ್ರಗಳ ಇನ್ನೊಂದು ಉಪಕಾರ 2012ರಲ್ಲಿ ತಿಳಿಯಿತು. ಆ ವರ್ಷ ಜುಲೈ 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ವಿದ್ಯುತ್ ಜಾಲಗಳು ಒಟ್ಟಿಗೆ ಕುಸಿದವು. ಅಲ್ಲಿ 60 ಕೋಟಿಗೂ ಹೆಚ್ಚು ಜನರು ವಾಸಿಸುತ್ತಿದ್ದರು. ರೈಲುಗಳು ದಾರಿಯಲ್ಲೇ ನಿಂತವು. ಆದರೆ ದಕ್ಷಿಣ ಭಾರತದಲ್ಲಿ ದೀಪಗಳು ಉರಿಯುತ್ತಿದ್ದವು. ಏಕೆಂದರೆ ಆಗ ದಕ್ಷಿಣದ ಜಾಲವು ಉಳಿದ ಜಾಲಗಳಿಗೆ ಪರಿವರ್ತನಾ ಕೇಂದ್ರಗಳ ಮೂಲಕ ಸೇರಿತ್ತು. ಆ ಕಡೆಯ ಏರುಪೇರು ಈ ಕೇಂದ್ರಗಳನ್ನು ದಾಟಿ ಬರಲಿಲ್ಲ. 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವನ್ನು ಪರ್ಯಾಯ ವಿದ್ಯುತ್ತಿನ ಮಾರ್ಗದಿಂದಲೂ ದೇಶದ ಜಾಲಕ್ಕೆ ಸೇರಿಸಲಾಯಿತು. ಆದರೂ ಪರಿವರ್ತನಾ ಕೇಂದ್ರಗಳ ಅಗತ್ಯ ತಪ್ಪಲಿಲ್ಲ.

ಕೊಯಮತ್ತೂರಿನಿಂದ ಪೂರ್ವಕ್ಕೆ ಹೋದರೆ ಪುಗಳೂರಿನ ಕೇಂದ್ರ ಸಿಗುತ್ತದೆ. ಛತ್ತೀಸ್‌ಗಢದ ರಾಯಗಢದಿಂದ ಇಲ್ಲಿಗೆ 1,700 ಕಿಲೋಮೀಟರಿಗಿಂತ ಹೆಚ್ಚು ಉದ್ದದ ಮಾರ್ಗವಿದೆ. ಇದರ ಒತ್ತಡ 8 ಲಕ್ಷ ವೋಲ್ಟು. ಇದು 2020ರಲ್ಲಿ ಕೆಲಸ ಆರಂಭಿಸಿತು. ಪೂರ್ಣ ಸಾಮರ್ಥ್ಯದಲ್ಲಿ ಇದು 6,000 ಮೆಗಾವ್ಯಾಟ್ ವಿದ್ಯುತ್ತನ್ನು ತರಬಲ್ಲದು. ಪುಗಳೂರಿನಿಂದ ಕೇರಳದ ತ್ರಿಶೂರಿಗೂ ಒಂದು ನೇರ ವಿದ್ಯುತ್ ಮಾರ್ಗ ಹೋಗುತ್ತದೆ. ಅದರ ಕೊನೆಯ ಭಾಗದಲ್ಲಿ ಗೋಪುರಗಳಿಲ್ಲ, ಕೇಬಲ್ಲು ನೆಲದೊಳಗೆ ಸಾಗುತ್ತದೆ.

ರಾಯಗಢದ ಮಾರ್ಗ ವಿದ್ಯುತ್ತನ್ನು ತರುವುದಕ್ಕೆ ಮಾತ್ರವಲ್ಲ, ಕಳುಹಿಸುವುದಕ್ಕೂ ಬರುತ್ತದೆ. ಉಡುಮಲೈಪೇಟೆ, ಪಲ್ಲಡಂ ಕಡೆಯ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಮಳೆಗಾಲದ ಗಾಳಿ ಜೋರಾಗಿ ಬೀಸಿದಾಗ ಅವು ಬಹಳ ವಿದ್ಯುತ್ತನ್ನು ಉತ್ಪಾದಿಸುತ್ತವೆ. ಇಲ್ಲಿ ಹೆಚ್ಚಾದುದನ್ನು ಅದೇ ಮಾರ್ಗದಲ್ಲಿ ಉತ್ತರದ ರಾಜ್ಯಗಳಿಗೆ ಕಳುಹಿಸಬಹುದು. ನಮಗೆ ಕೊರತೆಯಾದಾಗ ಅಲ್ಲಿಂದ ತರಿಸಿಕೊಳ್ಳಬಹುದು. ಇದು ನೆರೆಮನೆಯವರು ಕೊಟ್ಟು ತೆಗೆದುಕೊಂಡು ಬಾಳಿದ ಹಾಗೆ.

ಮಾಡಿ ನೋಡಿ: ನಿಮ್ಮ ಮನೆಯಲ್ಲೂ ಒಂದು ಪುಟ್ಟ ಪರಿವರ್ತಕವಿದೆ. ಅದೇ ಮೊಬೈಲ್ ಚಾರ್ಜರ್! ಅದನ್ನು ಪ್ಲಗ್ಗಿನಿಂದ ತೆಗೆದುಕೊಡಲು ಹಿರಿಯರಿಗೆ ಹೇಳಿ. ಅದರ ಮೇಲಿನ ಸಣ್ಣ ಗುರುತುಗಳನ್ನು ನೋಡಿ. ಅಲೆಯಂತಹ ಗೆರೆ ಪರ್ಯಾಯ ವಿದ್ಯುತ್ತಿನ ಗುರುತು. ನೇರ ಗೆರೆ, ಅದರ ಕೆಳಗೆ ತುಂಡು ಗೆರೆಗಳಿದ್ದರೆ ಅದು ನೇರ ವಿದ್ಯುತ್ತಿನ ಗುರುತು. ಯಾವುದು ಒಳಗೆ ಹೋಗುತ್ತದೆ, ಯಾವುದು ಹೊರಗೆ ಬರುತ್ತದೆ? ಕಂಡುಹಿಡಿದು ತರಗತಿಯಲ್ಲಿ ಹೇಳಿ.